ಕಟ್ಟಡ ದುರಸ್ತಿ, ಸೂರಿನಡಿಯ ಸ್ವಿಫ್ಟ್‌ಗಳು: ಗೂಡು ಉಳಿಸಿದರೆ ಸಾಕೇ?

ಸೂರಂಚು (ಪ್ರಶ್ನೆ)

ಮೂರು ಮಹಡಿಯ ಹಳೆಯ ಕಟ್ಟಡ. ಚಾವಣಿಯ ಅಂಚಿನ ಕೆಳಗೆ, ತೊಲೆಯೂ ಗೋಡೆಯೂ ಸೇರುವ ಮೂಲೆಗಳಲ್ಲಿ ಸ್ವಿಫ್ಟ್ ಹಕ್ಕಿಗಳ ಗೂಡುಗಳು ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗಿವೆ. ಕೆಲವು ಹಕ್ಕಿಗಳು ಗೋಡೆಯ ಬಿರುಕಿನೊಳಗೂ ನುಗ್ಗುತ್ತವೆ. ಬಿರುಕು ಮುಚ್ಚಿ, ಗಾರೆ ಮಾಡಿ, ಬಣ್ಣ ಬಳಿಯುವ ಕೆಲಸ ಇನ್ನೇನು ಶುರುವಾಗಲಿದೆ. ಹಕ್ಕಿಗಳನ್ನು ಕಳೆದುಕೊಳ್ಳಲು ಇಲ್ಲಿ ಯಾರಿಗೂ ಇಷ್ಟವಿಲ್ಲ.

ಕೆಲಸ ಯಾವಾಗ ಮಾಡಬೇಕು? ಬಿರುಕಿನ ಬದಲು ಮರದ ಪೆಟ್ಟಿಗೆ ಕಟ್ಟಿದರೆ ಬರುತ್ತವೆಯೇ, ಬರುವುದಾದರೆ ಅಳತೆ ಏನು? ಇನ್ನೊಂದು ದೊಡ್ಡ ಪ್ರಶ್ನೆಯೂ ಇದೆ. ಪಕ್ಕದಲ್ಲೇ ಒಂದು ಕೆರೆ, ಅದರಾಚೆ ಹುಲ್ಲು ಬೆಳೆದ ಬಯಲು ಇದೆ. ಬಯಲನ್ನು ಸವರಿ ಚೊಕ್ಕಟ ಮಾಡಬೇಕು, ಕೆರೆದಂಡೆಗೆ ಸೊಳ್ಳೆ ಔಷಧಿ ಹೊಡೆಸಬೇಕು ಎಂಬ ಮಾತು ನಡೆದಿದೆ. ದಿನವೆಲ್ಲ ಗಾಳಿಯಲ್ಲೇ ಇರುವ ಹಕ್ಕಿಗೆ ನೆಲದ ಹಂಗು ಎಷ್ಟರಮಟ್ಟಿಗೆ ಇದೆ?

ಗೋಡೆಗಿಂಡಿ (ಉತ್ತರ)

ಮೊದಲು ಹಕ್ಕಿ ಯಾವುದೆಂದು ಖಚಿತ ಮಾಡಿಕೊಳ್ಳಿ. ಅಂಬರಗುಬ್ಬಿಯನ್ನೂ ಸ್ವಿಫ್ಟನ್ನೂ ಒಂದೇ ಎಂದುಕೊಳ್ಳುವವರು ಬಹಳ. ತಂತಿಯ ಮೇಲೆ ಸಾಲಾಗಿ ಕೂತಿದ್ದರೆ ಅದು ಸ್ವಿಫ್ಟ್ ಅಲ್ಲವೇ ಅಲ್ಲ. ಸ್ವಿಫ್ಟ್‌ನ ಕಾಲು ತೀರಾ ಗಿಡ್ಡ, ಉಗುರು ಕೊಕ್ಕೆಯಂತೆ ಬಾಗಿದ್ದು. ಒರಟು ಗೋಡೆ ಹಿಡಿದು ನೇತಾಡಬಲ್ಲದು, ಕೊಂಬೆ ತಂತಿಗಳ ಮೇಲೆ ಕೂರಲಾರದು. ಅಂಬರಗುಬ್ಬಿಗೂ ಇದಕ್ಕೂ ರಕ್ತಸಂಬಂಧವಿಲ್ಲ. ಗಾಳಿಯಲ್ಲಿ ಹುಳ ಹಿಡಿಯುವ ಕಸುಬು ಒಂದೇ ಆದ್ದರಿಂದ ಮೈಕಟ್ಟು ಹೋಲುತ್ತದೆ, ಅಷ್ಟೇ. ಸ್ವಿಫ್ಟ್‌ನ ಹತ್ತಿರದ ನೆಂಟರಲ್ಲಿ ಒಂದು ಗುಂಪು ಹಮ್ಮಿಂಗ್ ಬರ್ಡ್‌ಗಳು.

ಗೂಡು ಒಂದಕ್ಕೊಂದು ಅಂಟಿ ಗೊಂಚಲಾಗಿವೆ ಎಂದರೆ ನಿಮ್ಮದು ಪುಟ್ಟ ಸ್ವಿಫ್ಟ್ ಇರಬೇಕು, ವೈಜ್ಞಾನಿಕ ಹೆಸರು ಏಪಸ್ ಅಫಿನಿಸ್. ಗುರುತು: ಮೈ ಕಪ್ಪು, ಸೊಂಟದ ಮೇಲೆ (ಬಾಲದ ಬುಡಕ್ಕೆ ಮುಂಚಿನ ಬೆನ್ನಿನಲ್ಲಿ) ಅಗಲವಾದ ಬಿಳಿ ಪಟ್ಟಿ, ಬಿಳಿ ಗಂಟಲು, ಗಿಡ್ಡಗೆ ಚೌಕಾಕಾರದ ಬಾಲ. ಸಾಮಾನ್ಯ ಸ್ವಿಫ್ಟ್, ಅಂದರೆ ಏಪಸ್ ಏಪಸ್, ಇದಕ್ಕಿಂತ ದೊಡ್ಡದು. ಅದರ ಸೊಂಟದಲ್ಲಿ ಬಿಳಿ ಇಲ್ಲ, ಬಾಲ ಕವಲೊಡೆದಿರುತ್ತದೆ, ಗೂಡು ಕಟ್ಟುವುದು ಗೋಡೆಯ ಸಂದಿನಲ್ಲಿ. ಪುಟ್ಟ ಸ್ವಿಫ್ಟ್‌ಗಳೂ ಬಿರುಕು ಸಿಕ್ಕರೆ ಬಿಡುವುದಿಲ್ಲ, ಅಂಬರಗುಬ್ಬಿಗಳ ಹಳೆಯ ಮಣ್ಣಿನ ಗೂಡಿಗೂ ನುಗ್ಗುತ್ತವೆ. ಹಾಗಾಗಿ ಗೂಡು ನೋಡಿ ತೀರ್ಮಾನಿಸಬೇಡಿ, ಸೊಂಟ ನೋಡಿ.

ಇದು ಮುಖ್ಯವಾಗುವುದು ಕೆಲಸದ ಸಮಯಕ್ಕೆ. ಸಾಮಾನ್ಯ ಸ್ವಿಫ್ಟ್ ಗೂಡಿನ ಜಾಗದಲ್ಲಿ ಇರುವುದು ವರ್ಷಕ್ಕೆ ಸುಮಾರು ಮೂರು ತಿಂಗಳು. ಎರಡು ಮೂರು ಮೊಟ್ಟೆ, ಕಾವು ಸುಮಾರು 20 ದಿನ, ಮರಿ ಹಾರಲು ಸುಮಾರು ಆರು ವಾರ, ಹವೆ ಕೆಟ್ಟರೆ ಎಂಟು ವಾರದವರೆಗೂ ಆಗಬಹುದು. ಉಳಿದ ತಿಂಗಳುಗಳಲ್ಲಿ ನಿಶ್ಚಿಂತೆಯಿಂದ ಕೆಲಸ ಮಾಡಬಹುದು. ಪುಟ್ಟ ಸ್ವಿಫ್ಟ್ ಹಾಗಲ್ಲ. ವಲಸೆ ಹೋಗದ ಕಡೆ ಅವು ವರ್ಷವಿಡೀ ರಾತ್ರಿ ಗೂಡಿನಲ್ಲೇ ಮಲಗುತ್ತವೆ, ಕೆಲವೆಡೆ ವರ್ಷಕ್ಕೆ ಎರಡು ಸಲ ಮರಿ ಮಾಡುತ್ತವೆ. ಪೂರಾ ಖಾಲಿ ಇರುವ ಕಾಲ ಎಂಬುದೇ ಸಿಗದಿರಬಹುದು. ಅಂಥಲ್ಲಿ ಕಟ್ಟಡವನ್ನು ಮೂರು ನಾಲ್ಕು ಭಾಗ ಮಾಡಿ, ಮೊಟ್ಟೆ ಮರಿ ಇಲ್ಲದ ಭಾಗದಿಂದ ಶುರು ಮಾಡುತ್ತಾ ಹೋಗಬೇಕು.

ಮರಿ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಐದು ನಿಮಿಷ ನಿಂತು ನೋಡಿ, ಯಾವ ಹಕ್ಕಿಯೂ ಬರಲಿಲ್ಲವೆಂದು ಗೂಡು ಖಾಲಿ ಎಂದುಬಿಡುತ್ತಾರೆ. ಅನಾಹುತವಾಗುವುದು ಅಲ್ಲೇ. ಸ್ವಿಫ್ಟ್ ಒಂದೊಂದು ಹುಳವನ್ನು ತಂದು ಕೊಡುವ ಹಕ್ಕಿಯಲ್ಲ. ಗಂಟಲು ತುಂಬಿಸಿಕೊಂಡು ಗಂಟೆಗೊಮ್ಮೆಯೋ ಅದಕ್ಕೂ ತಡವಾಗಿಯೋ ಬರುತ್ತದೆ. ಬೆಳಗ್ಗೆ ಒಂದು ತಾಸು, ಸೂರ್ಯ ಮುಳುಗುವ ಮುಂಚಿನ ಒಂದು ತಾಸು, ಹೀಗೆ ಒಂದು ವಾರ ನೋಡಿ. ಬರುವ ಹಕ್ಕಿಯ ಗಂಟಲು ಕೆಳಗೆ ಉಬ್ಬಿಕೊಂಡಿದ್ದರೆ ಒಳಗೆ ಮರಿ ಇದೆ ಎಂದೇ ಅರ್ಥ.

ಸಾರುವೆ ಕಟ್ಟಿದ ಮೇಲೆ ಅದರ ಸುತ್ತ ಹಸಿರು ಬಲೆ ಹೊದಿಸುತ್ತಾರಲ್ಲ, ಅದರ ಬಗ್ಗೆ ಎಚ್ಚರ. ಗೂಡಿರುವ ಮಟ್ಟದಲ್ಲಿ ಬಲೆ ಇಳಿಬಿಡಬೇಡಿ. ಹೊರಗಿನ ಹಕ್ಕಿ ಒಳಬರಲಾರದು, ಒಳಗೆ ಸಿಕ್ಕಿದ್ದು ಬಲೆ ಮತ್ತು ಗೋಡೆಯ ನಡುವೆ ಬಡಿದುಕೊಂಡು ಸಾಯುತ್ತದೆ. ಗೂಡಿನ ನೇರಕ್ಕೆ ಹಲಗೆಯನ್ನೂ ಹಾಕಿಸಬೇಡಿ.

ಪೆಟ್ಟಿಗೆ ಕೆಲಸ (ಉತ್ತರ)

ಅಳತೆ ಹೇಳುತ್ತೇನೆ. ಇದು ಸಂದಿನಲ್ಲಿ ಗೂಡು ಮಾಡುವ ಸಾಮಾನ್ಯ ಸ್ವಿಫ್ಟ್‌ನಂಥವಕ್ಕೆ. 18 ಮಿ.ಮೀ. ದಪ್ಪದ ಪ್ಲೈವುಡ್ ಅಥವಾ ಹಲಗೆ. ಒಳಗಿನ ಉದ್ದ 40 ಸೆಂ.ಮೀ., ಅಗಲ 20, ಎತ್ತರ 15. ಬಾಗಿಲು ಅಡ್ಡಕ್ಕೆ 65 ಮಿ.ಮೀ., ಎತ್ತರ 28 ರಿಂದ 30 ಮಿ.ಮೀ. ಆ 28 ಮಿ.ಮೀ. ವಿಷಯದಲ್ಲಿ ಸಡಿಲ ಬಿಡಬೇಡಿ. 35 ಆಯಿತೆಂದರೆ ಸ್ವಿಫ್ಟ್‌ಗಿಂತ ಗಟ್ಟಿ ಹಕ್ಕಿಗಳು ಒಳಹೊಕ್ಕು ಜಾಗ ಹಿಡಿಯುತ್ತವೆ. ಬಾಗಿಲು ಪೆಟ್ಟಿಗೆಯ ಒಂದು ತುದಿಯಲ್ಲಿ, ತಳಕ್ಕೆ ಹತ್ತಿರ ಇರಲಿ. ಇನ್ನೊಂದು ತುದಿಯ ಕತ್ತಲಲ್ಲಿ ಸುಮಾರು 10 ಸೆಂ.ಮೀ. ಅಗಲದ ತಗ್ಗು ಕೊರೆದ ಹಲಗೆ ತುಂಡನ್ನು ತಳಕ್ಕೆ ಅಂಟಿಸಿ. ಮೊಟ್ಟೆ ಉರುಳದೆ ನಿಲ್ಲುತ್ತದೆ.

ಒಳಗೆ ಬಣ್ಣ, ವಾರ್ನಿಷ್ ಏನೂ ಬೇಡ. ಒರಟಾಗಿಯೇ ಇರಲಿ, ಉಗುರಿಗೆ ಹಿಡಿತ ಬೇಕು. ಬಾಗಿಲ ಮುಂದೆ ಕಡ್ಡಿ ನೆಡಬೇಡಿ. ಸ್ವಿಫ್ಟ್‌ಗೆ ಅದರ ಉಪಯೋಗವಿಲ್ಲ, ಬೇರೆ ಹಕ್ಕಿ ಬಂದು ಕೂರಲು ಅನುಕೂಲವಷ್ಟೇ.

ಎತ್ತರ ಕನಿಷ್ಠ 5 ಮೀಟರ್. ಬಾಗಿಲಿನಿಂದ ಕೆಳಕ್ಕೂ ಮುಂದಕ್ಕೂ ಪೂರಾ ಬಯಲು ಬೇಕು. ಸ್ವಿಫ್ಟ್ ಗೂಡಿನಿಂದ ಹೊರಡುವಾಗ ರೆಕ್ಕೆ ಬಡಿದು ಮೇಲೇಳುವುದಿಲ್ಲ, ಕೆಳಗೆ ಬಿದ್ದು ವೇಗ ಕಟ್ಟಿಕೊಂಡು ಆಮೇಲೆ ಏರುತ್ತದೆ. ಕೆಳಗೆ ಮರದ ಕೊಂಬೆ, ಕೇಬಲ್, ಮುಂಚಾಚು ಏನಿದ್ದರೂ ಮೊದಲ ಹಾರಾಟದ ಮರಿ ಅಲ್ಲಿ ಬಡಿಯುತ್ತದೆ.

ಬಿಸಿಲಿನ ಮಾತು ಅಳತೆಗಿಂತ ದೊಡ್ಡದು. ಮಧ್ಯಾಹ್ನದ ಬಿಸಿಲು ಬೀಳುವ ಗೋಡೆಗೆ ಪೆಟ್ಟಿಗೆ ಹಾಕಲೇಬೇಡಿ. ಗೂಡು ಕಾದರೆ ಮರಿಗಳು ತಂಪಿಗಾಗಿ ಬಾಗಿಲಿಗೆ ಬರುತ್ತವೆ, ರೆಕ್ಕೆ ಬಲಿಯುವ ಮುನ್ನವೇ ಕೆಳಗೆ ಬೀಳುತ್ತವೆ. 2022ರ ಜೂನ್‌ನ ಬಿಸಿಗಾಳಿಯಲ್ಲಿ ಸ್ಪೇನಿನ ಸೆವಿಯಾ ಮತ್ತು ಕೊರ್ಡೊಬಾ ನಗರಗಳಲ್ಲಿ ನೂರಾರು ಸ್ವಿಫ್ಟ್ ಮರಿಗಳು ಹೀಗೆಯೇ ಉದುರಿದವು. ಸೂರಿನ ನೆರಳು ದಿನವಿಡೀ ಬೀಳುವ ಕಡೆ ಆರಿಸಿ, ಪೆಟ್ಟಿಗೆಯ ಹೊರಮೈಗೆ ಬಿಳಿ ಬಣ್ಣ ಬಳಿಯಿರಿ, ಹಿಂಬದಿಯ ಹಲಗೆಗೂ ಗೋಡೆಗೂ ನಡುವೆ ಗಾಳಿಯಾಡಲು ಒಂದೆರಡು ಸೆಂ.ಮೀ. ಬಿಡಿ.

ಪುಟ್ಟ ಸ್ವಿಫ್ಟ್ ಆದರೆ ಪೆಟ್ಟಿಗೆಗಿಂತ ಈಗಿರುವ ಮೂಲೆಗಳನ್ನು ಉಳಿಸುವುದೇ ಮೇಲು. ಗಾಳಿಯಲ್ಲೇ ಹಿಡಿದ ಗರಿ, ಹುಲ್ಲೆಳೆ, ಹತ್ತಿಯಂಥ ಎಳೆಗಳನ್ನು ಎಂಜಲಿನಿಂದ ಅಂಟಿಸಿ ಅವು ಗೂಡು ಮಾಡುತ್ತವೆ. ಎಂಜಲು ಒಣಗಿ ಗಟ್ಟಿಯಾಗಿ ಹಿಡಿಯಲು ಒರಟು ಮೈ ಬೇಕು. ಗೂಡಿನ ಸಾಲಿನ ಸುತ್ತ ಅರ್ಧ ಮೀಟರ್‌ನಷ್ಟು ಗಾರೆಯನ್ನು ನುಣುಪು ಮಾಡಬೇಡಿ, ಎಣ್ಣೆ ಬಣ್ಣವಂತೂ ಬೇಡವೇ ಬೇಡ. ಹಿಕ್ಕೆಯ ಕಾಟವಿದ್ದರೆ ಗೂಡಿನಿಂದ ಕನಿಷ್ಠ 2 ಮೀಟರ್ ಕೆಳಗೆ ಒಂದು ಹಲಗೆ ಹಾಕಿ. ಅದಕ್ಕಿಂತ ಮೇಲೆ ಹಾಕಿದರೆ ಹಾರುವ ದಾರಿಗೆ ಅಡ್ಡ, ಬೆಕ್ಕಿಗೆ ಮೆಟ್ಟಿಲು.

ಕೊನೆಯದಾಗಿ, ಪೆಟ್ಟಿಗೆ ಹಾಕಿದ ವರ್ಷವೇ ತುಂಬಲಿಲ್ಲವೆಂದು ಕಿತ್ತು ಹಾಕಬೇಡಿ. ಜೋಡಿಗಳು ವರ್ಷ ವರ್ಷವೂ ಅದೇ ಸಂದಿಗೆ ಮರಳುತ್ತವೆ. ಹೊಸ ಜಾಗ ಹುಡುಕುವುದು ಇನ್ನೂ ಮರಿ ಮಾಡದ ಎಳೆಯ ಹಕ್ಕಿಗಳು. ಅವು ಗುಂಪುಗುಂಪಾಗಿ ಚೀರುತ್ತಾ ಬಂದು ಗೋಡೆಗೆ ತಾಕಿ ತಾಕಿ ಹೋಗುತ್ತವೆ. ಸ್ವಿಫ್ಟ್‌ನ ಕೂಗಿನ ಧ್ವನಿಮುದ್ರಿಕೆಯನ್ನು ಆ ಹೊತ್ತಿನಲ್ಲಿ ಪೆಟ್ಟಿಗೆಯ ಬಳಿ ಕೇಳಿಸಿದರೆ ಬೇಗ ಗಮನಕ್ಕೆ ಬರುತ್ತದೆ. ಆದರೂ ಎರಡು ಮೂರು ವರ್ಷ ಕಾಯಬೇಕಾಗಬಹುದು.

ಸೂರಂಚು

ಸೊಂಟ ಬಿಳಿ, ಬಾಲ ಚೌಕ. ಹಾಗಾದರೆ ಪುಟ್ಟ ಸ್ವಿಫ್ಟೇ. ಮೂಲೆಗಳನ್ನು ಮುಟ್ಟುವುದಿಲ್ಲ, ಕೆಲಸ ಭಾಗಭಾಗವಾಗಿ ಮಾಡಿಸುತ್ತೇವೆ. ಕೆರೆ ಮತ್ತು ಹುಲ್ಲಿನ ಬಗ್ಗೆ ಬಲ್ಲವರು ಹೇಳಿ, ಆ ತೀರ್ಮಾನ ಇನ್ನೂ ಆಗಿಲ್ಲ.

ಗಾಳಿಹುಳ (ಉತ್ತರ)

ನಿಮ್ಮ ಮೂರನೇ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಗೂಡು ಎಷ್ಟೇ ಚೆನ್ನಾಗಿದ್ದರೂ ಮೇಲೆ ಗಾಳಿಯಲ್ಲಿ ಹುಳವಿಲ್ಲದಿದ್ದರೆ ಮರಿ ಬದುಕದು. ಆ ಹುಳಗಳಲ್ಲಿ ಒಂದೂ ಗಾಳಿಯಲ್ಲಿ ಹುಟ್ಟಿದ್ದಲ್ಲ.

ಸಾಮಾನ್ಯ ಸ್ವಿಫ್ಟ್ ಮರಿಗೆ ತರುವ ಉಂಡೆಯನ್ನು ಬಿಡಿಸಿ ನೋಡಿದವರಿದ್ದಾರೆ. ಎಂಜಲಿನಿಂದ ಅಂಟಿಸಿದ, ಒಂದು ಗ್ರಾಂ ಆಸುಪಾಸಿನ ಉಂಡೆ. ಒಳಗೆ ಮುನ್ನೂರರಿಂದ ಐನೂರು ಹುಳ, ಕೆಲವೊಮ್ಮೆ ಸಾವಿರವೂ ಮೀರುತ್ತದೆ. ಅದರಲ್ಲಿ ಏನೇನಿರುತ್ತದೆ ಎಂದು ನೋಡಿದರೆ ನಿಮ್ಮ ಊರಿನ ನೆಲದ ಲೆಕ್ಕವೇ ಸಿಗುತ್ತದೆ. ರೆಕ್ಕೆ ಬಂದ ಗಿಡಹೇನುಗಳು ಗಿಡಗಂಟಿಯಿಂದ ಎದ್ದವು. ಕಚ್ಚದ ಸಣ್ಣ ನೊಣ, ಗುಂಗಾಡಿಗಳು ಕೆರೆಯ ತಳದ ಕೆಸರಿನಲ್ಲಿ ಮರಿಹುಳುವಾಗಿದ್ದವು. ಜೀರುಂಡೆಗಳು ಸಗಣಿಯಲ್ಲೋ ಕೊಳೆತ ಮರದಲ್ಲೋ ಬೆಳೆದವು. ಹಾರುವ ಇರುವೆ, ರೆಕ್ಕೆ ಬಂದ ಗೆದ್ದಲು ಮಣ್ಣಿನೊಳಗಿಂದ ಬಂದವು. ರೆಕ್ಕೆಯೇ ಇಲ್ಲದ ಜೇಡಗಳೂ ಇರುತ್ತವೆ. ಎಳೆ ಜೇಡ ಹುಲ್ಲಿನ ತುದಿಗೇರಿ, ಹಿಂಭಾಗ ಮೇಲೆತ್ತಿ, ಒಂದೆರಡು ಎಳೆ ಬಿಟ್ಟು, ಆ ಎಳೆ ಗಾಳಿಗೆ ಸಿಕ್ಕಿದ ಕೂಡಲೇ ತೇಲಿಕೊಂಡು ಹೋಗುತ್ತದೆ. ಹುಲ್ಲನ್ನು ಬುಡಮಟ್ಟ ಸವರಿದರೆ ಆ ಜೇಡ ಏರುವ ತುದಿಯೇ ಇರುವುದಿಲ್ಲ.

ಸ್ವಿಫ್ಟ್ ಬಾಯಿ ತೆರೆದುಕೊಂಡು ಬಂದದ್ದನ್ನೆಲ್ಲ ಬಾಚುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅದು ಒಂದೊಂದನ್ನೂ ಕಣ್ಣಿಟ್ಟು ಹಿಡಿಯುತ್ತದೆ. ಉಂಡೆಗಳಲ್ಲಿ ಕುಟುಕಲಾರದ ಗಂಡು ಜೇನು ಸಿಗುತ್ತದೆ, ಕುಟುಕುವ ಕೆಲಸಗಾರ ಜೇನಲ್ಲ. ಆ ವೇಗದಲ್ಲಿ ಹಾರುತ್ತಾ ಈ ವ್ಯತ್ಯಾಸ ಕಾಣುವ ಕಣ್ಣು ಅದಕ್ಕಿದೆ. ನೇರ ಹಾರಾಟದಲ್ಲೇ ಗಂಟೆಗೆ 110 ಕಿ.ಮೀ. ಮೀರಿದ ವೇಗ ಅಳೆದಿದ್ದಾರೆ, ಮೇವು ಹಿಡಿಯುವಾಗ ಮಾತ್ರ ಅದಕ್ಕಿಂತ ಬಹಳ ನಿಧಾನ.

ಹವೆಗೂ ಇದಕ್ಕೂ ಇರುವ ನಂಟು ಇಲ್ಲೇ ಬರುತ್ತದೆ. ಬಿಸಿಲಿಗೆ ಕಾದ ನೆಲದಿಂದ ಗಾಳಿ ಮೇಲೇರುವಾಗ ಹುಳಗಳೂ ಮೇಲೇರುತ್ತವೆ, ಸ್ವಿಫ್ಟ್ ಚುಕ್ಕಿಯಾಗಿ ಕಾಣುವಷ್ಟು ಎತ್ತರ ಹೋಗುತ್ತದೆ. ಮೋಡ ಕವಿದು ಗಾಳಿ ತಂಪಾದರೆ ಹುಳ ತಗ್ಗಿಗಿಳಿಯುತ್ತದೆ, ಹಕ್ಕಿಯೂ ಕೆರೆಯ ನೀರಿನ ಮೇಲೆ, ಮರದ ತಲೆಯ ಮಟ್ಟಕ್ಕೆ ಇಳಿಯುತ್ತದೆ. ಮಳೆಮೋಡದ ಮುಂಚೂಣಿಯಲ್ಲಿ ಎರಡು ಗಾಳಿ ಕೂಡುವ ಕಡೆ ಹುಳಗಳು ದಟ್ಟವಾಗಿ ಸೇರುತ್ತವೆ, ಅಲ್ಲಿ ಸ್ವಿಫ್ಟ್‌ಗಳ ಹಿಂಡು ಖಂಡಿತ. ಮೊದಲ ಮಳೆ ಬಿದ್ದು ಗೆದ್ದಲು ಏಳುವ ಸಂಜೆಯಂತೂ ಕೇಳುವುದೇ ಬೇಡ. ಜೋರು ಮಳೆ ಹಿಡಿದು ಕೂತಾಗ ಮೇವು ನಿಂತುಹೋಗುತ್ತದೆ. ಸಾಮಾನ್ಯ ಸ್ವಿಫ್ಟ್‌ನ ಮರಿ ಆಗ ಮೈಶಾಖ ಇಳಿಸಿ, ಬೆಳವಣಿಗೆ ತಡೆದುಕೊಂಡು, ಜಡವಾಗಿ ಮಲಗಿ ಹಲವು ದಿನ ತಳ್ಳಬಲ್ಲದು. ಮೇಲೆ ಹೇಳಿದ ಆರು ವಾರ, ಎಂಟು ವಾರದ ವ್ಯತ್ಯಾಸಕ್ಕೆ ಕಾರಣ ಇದು.

ಇನ್ನು ನಿಮ್ಮ ಕೆರೆ. ಸೊಳ್ಳೆಗೆಂದು ದಂಡೆಯಲ್ಲಿ ಹೊಗೆ ಹಾಕಿದರೆ, ವಿಶಾಲವಾಗಿ ಕೊಲ್ಲುವ ಕೀಟನಾಶಕ ಹೊಡೆದರೆ, ಸಾಯುವುದು ಸೊಳ್ಳೆಯೊಂದೇ ಅಲ್ಲ. ಕಚ್ಚದ ನೊಣಗಳು, ಸೊಳ್ಳೆಮರಿ ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿಗಳು ಎಲ್ಲವೂ ಹೋಗುತ್ತವೆ. ಕೆಲವು ದಿನಕ್ಕೆ ಸೊಳ್ಳೆ ಮೊದಲು ಮರಳಿ ಬರುತ್ತದೆ, ಅದನ್ನು ತಿನ್ನುವವು ತಡವಾಗಿ ಬರುತ್ತವೆ. ಅದರ ಬದಲು ಕಟ್ಟಡದ ಸುತ್ತ ನಿಂತ ನೀರು ತೆಗೆಸಿ: ತೊಟ್ಟಿ, ಹಳೆಯ ಟಯರು, ಮುಚ್ಚಳವಿಲ್ಲದ ಟ್ಯಾಂಕು. ಮನೆಯೊಳಗೆ ಬರುವ ಸೊಳ್ಳೆ ಹೆಚ್ಚಾಗಿ ಹುಟ್ಟುವುದು ಅಲ್ಲಿ. ಹೊಡೆಯಲೇಬೇಕಾದರೆ ಬಿಟಿಐ ಎಂಬ ಬ್ಯಾಕ್ಟೀರಿಯಾ ಔಷಧಿಯನ್ನು ಆ ನಿಂತ ನೀರಿಗೆ ಮಾತ್ರ ಹಾಕಿ, ಕೆರೆಗೆ ಬೇಡ. ಕೆರೆಯ ಕಚ್ಚದ ನೊಣಗಳ ಮರಿಹುಳುಗಳಿಗೂ, ಔಷಧಿಯ ಪ್ರಮಾಣ ಹೆಚ್ಚಾದರೆ, ಅದು ತಾಗುತ್ತದೆ. ಕೆರೆಯ ನಡುಭಾಗ ಗಿಡಗಂಟಿ, ತಂತಿ ಇಲ್ಲದೆ ತೆರೆದಿರಲಿ. ಸ್ವಿಫ್ಟ್ ನೀರು ಕುಡಿಯುವುದೂ ಹಾರುತ್ತಲೇ, ಬಾಯಿ ನೀರಿಗೆ ತಾಗಿಸಿಕೊಂಡು.

ಬಯಲನ್ನು ಒಂದೇ ದಿನ ಪೂರಾ ಸವರಬೇಡಿ. ಮೂರು ಪಟ್ಟಿ ಮಾಡಿ, ಒಂದು ಸಲಕ್ಕೆ ಒಂದು ಪಟ್ಟಿ, ಬುಡದಿಂದ ಒಂದು ಗೇಣಿನಷ್ಟು ಬಿಟ್ಟು ಕತ್ತರಿಸಿ. ಕತ್ತರಿಸಿದ್ದನ್ನು ಸುಡಬೇಡಿ. ಬಿದ್ದ ಮರದ ದಿಮ್ಮಿ ಇದ್ದರೆ ಅಲ್ಲೇ ಇರಲಿ. ಅಲ್ಲಿ ದನ ಮೇಯುತ್ತಿದ್ದರೆ ಇನ್ನೊಂದು ಮಾತು. ಜಂತುಹುಳಕ್ಕೆ ಕೊಡುವ ಐವರ್ಮೆಕ್ಟಿನ್ ಸಗಣಿಯಲ್ಲಿ ಹೊರಬಂದು ಸಗಣಿಯ ನೊಣ, ಜೀರುಂಡೆಗಳನ್ನು ಕೊಲ್ಲುತ್ತದೆ. ಎಲ್ಲ ದನಗಳಿಗೂ ಒಟ್ಟಿಗೆ ಕೊಡದೆ, ಬೇಕಾದವಕ್ಕೆ ಮಾತ್ರ ಕೊಡಿಸುವುದು ಒಳ್ಳೆಯದು. ಕೆರೆಯ ಕಡೆ ಮುಖ ಮಾಡಿದ ದೊಡ್ಡ ದೀಪಗಳಿದ್ದರೆ ರಾತ್ರಿ ಆರಿಸಿ. ರಾತ್ರಿಯೆಲ್ಲ ದೀಪಕ್ಕೆ ಸುತ್ತಿ ಸತ್ತ ಹುಳ ಬೆಳಗ್ಗೆ ಗಾಳಿಯಲ್ಲಿರುವುದಿಲ್ಲ.

ದೂರದ ನಂಟಿನ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಬೀಜಿಂಗ್‌ನ ಬೇಸಿಗೆ ಅರಮನೆಯ ಸೂರಿನಲ್ಲಿ ಗೂಡು ಮಾಡುವ ಸಾಮಾನ್ಯ ಸ್ವಿಫ್ಟ್‌ಗಳಿಗೆ 2014ರಲ್ಲಿ ಹಾರಿದ ದಾರಿಯನ್ನು ದಾಖಲಿಸುವ ಪುಟ್ಟ ಉಪಕರಣ ಕಟ್ಟಿ, ಮರುವರ್ಷ ಬಿಚ್ಚಿ ನೋಡಿದಾಗ ಅವು ಆಫ್ರಿಕಾದ ದಕ್ಷಿಣ ತುದಿಯವರೆಗೆ ಹೋಗಿ ಬಂದದ್ದು ಗೊತ್ತಾಯಿತು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಕಾರ, ಗೂಡು ಬಿಟ್ಟ ಮೇಲೆ ಕೆಲವು ಸಾಮಾನ್ಯ ಸ್ವಿಫ್ಟ್‌ಗಳು ಹತ್ತು ತಿಂಗಳು ಒಮ್ಮೆಯೂ ಇಳಿಯದೆ ಹಾರಾಟದಲ್ಲೇ ಇದ್ದವು. ಇಂಥ ಹಕ್ಕಿಯ ಪಾಲಿಗೆ ಒಂದು ಊರಿನ ಕೆರೆಯ ನೊಣಗಳೂ ಇನ್ನೊಂದು ಖಂಡದ ಗೆದ್ದಲೂ ಒಂದೇ ವರ್ಷದ ಊಟ. ನಿಮ್ಮ ಪುಟ್ಟ ಸ್ವಿಫ್ಟ್ ಅಷ್ಟು ದೂರ ಹೋಗುವುದಲ್ಲ. ಆದ್ದರಿಂದಲೇ ಅದಕ್ಕೆ ಆ ಒಂದು ಕೆರೆ, ಆ ಒಂದು ಬಯಲಿನ ಹಂಗು ಇನ್ನೂ ಹೆಚ್ಚು.

ಗೋಡೆಗಿಂಡಿ

ಮೇಲಿನದಕ್ಕೆ ಒಂದು ಸೇರ್ಪಡೆ. ಕೆಲಸಗಾರರು ಗೂಡಿನೊಳಗೆ ಚಪ್ಪಟೆ ಮೈಯ, ಏಡಿಯಂತೆ ಓಡುವ ನೊಣ ಕಂಡು ಹೆದರಿ ಕೀಟನಾಶಕ ಸಿಂಪಡಿಸುತ್ತಾರೆ. ಸಾಮಾನ್ಯ ಸ್ವಿಫ್ಟ್‌ನ ಗೂಡಿನಲ್ಲಿ ಕ್ರಾಟರೀನ ಪ್ಯಾಲಿಡ ಎಂಬ ಹೇನುನೊಣ ಇರುತ್ತದೆ. ರಕ್ತ ಹೀರುತ್ತದೆ, ಹಾರಲಾರದು, ಕೋಶವಾಗಿ ಗೂಡಿನಲ್ಲೇ ವರ್ಷ ಕಳೆದು ಹಕ್ಕಿ ಮರಳುವ ಹೊತ್ತಿಗೆ ಹೊರಬರುತ್ತದೆ. ಮರಿಗಳ ಮೇಲೆ ಅದರಿಂದ ಗಮನಿಸುವಷ್ಟು ಹಾನಿ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಮನುಷ್ಯರ ಮೇಲೆ ಅದು ಬದುಕುವುದೂ ಇಲ್ಲ. ಹಳೆಯ ಗೂಡಿನ ಗರಿ ತಿನ್ನುವ ನುಸಿಪತಂಗದ ಮರಿಗಳೂ ಇರುತ್ತವೆ, ಅವೂ ಇರಲಿ. ಗೂಡಿಗೆ ಏನೂ ಸಿಂಪಡಿಸಬೇಡಿ. ಕೆಳಗೆ ಬಿದ್ದ ಒಣ ಹಿಕ್ಕೆ ಗುಡಿಸುವ ಮುನ್ನ ನೀರು ಚಿಮುಕಿಸಿ, ಮೂಗು ಬಾಯಿಗೆ ಮಾಸ್ಕ್ ಹಾಕಿಕೊಳ್ಳಲಿ.

ಸೂರಂಚು

ಕೆಲಸದ ನಡುವೆ ಹಕ್ಕಿಯೋ ಮರಿಯೋ ನೆಲಕ್ಕೆ ಬಿದ್ದರೆ? ಮೇಲಕ್ಕೆ ಎಸೆದರೆ ಹಾರುತ್ತದೆ ಎಂದು ಮೇಸ್ತ್ರಿ ಹೇಳುತ್ತಿದ್ದಾರೆ.

ರೆಕ್ಕೆಯಾರೈಕೆ (ಉತ್ತರ)

ಎಸೆಯಬಾರದು, ಯಾವ ಕಾರಣಕ್ಕೂ. ಮೂಳೆ ಮುರಿದಿದ್ದರೆ, ಮರಿಯಾಗಿದ್ದರೆ, ಸುಸ್ತಾಗಿದ್ದರೆ ಎಸೆದದ್ದೇ ಅದರ ಸಾವು.

ಅಂಗೈ ಅಗಲ ಮಾಡಿ ಎತ್ತಿ. ಮುಚ್ಚಳವಿರುವ ರಟ್ಟಿನ ಪೆಟ್ಟಿಗೆಗೆ ನಾಲ್ಕಾರು ತೂತು ಮಾಡಿ, ತಳಕ್ಕೆ ಎಳೆ ಬಿಡದ ಹತ್ತಿ ಬಟ್ಟೆ ಹಾಸಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಿ. ಪಂಜರ ಬೇಡ. ಸರಳಿಗೆ ಉಜ್ಜಿ ರೆಕ್ಕೆಯ ಗರಿ ಸೀಳಿದರೆ ಆ ಹಕ್ಕಿಗೆ ಬದುಕಿಲ್ಲ. ಬಾಯಿಗೆ ನೀರು ಹುಯ್ಯಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ನೀರಲ್ಲಿ ಅದ್ದಿದ ಹತ್ತಿಕಡ್ಡಿಯನ್ನು ಕೊಕ್ಕಿನ ಅಂಚಿಗೆ ತಾಗಿಸಿದರೆ ಹೀರಿಕೊಳ್ಳುತ್ತದೆ.

ಈಗ ನೋಡಿ. ರೆಕ್ಕೆ ಮಡಚಿದಾಗ ತುದಿಗಳು ಬಾಲದಾಚೆಗೆ ಚಾಚಿ ಒಂದರ ಮೇಲೊಂದು ಕತ್ತರಿಯಂತೆ ಹಾಯುತ್ತಿದ್ದರೆ ಬಲಿತ ಹಕ್ಕಿ ಅಥವಾ ಹಾರಲು ಸಿದ್ಧವಾದ ಮರಿ. ತುದಿ ಬಾಲಕ್ಕಿಂತ ಗಿಡ್ಡವಿದ್ದರೆ, ಗರಿಯ ಬುಡದಲ್ಲಿ ಬೂದು ಕೊಳವೆ ಕಾಣುತ್ತಿದ್ದರೆ ಮರಿ ಇನ್ನೂ ಬಲಿತಿಲ್ಲ. ಗೂಡು ಗೊತ್ತಿದ್ದು ಸುರಕ್ಷಿತವಾಗಿ ತಲುಪಬಹುದಾದರೆ ಅಲ್ಲಿಗೇ ಸೇರಿಸಿ, ತಂದೆತಾಯಿ ಒಪ್ಪಿಕೊಳ್ಳುತ್ತವೆ. ಇಲ್ಲವಾದರೆ ಅದೇ ದಿನ ವನ್ಯಪ್ರಾಣಿ ಆರೈಕೆಯವರಿಗೆ ಒಪ್ಪಿಸಿ.

ಅನ್ನ, ರೊಟ್ಟಿ, ಹಾಲು, ಮೊಟ್ಟೆ, ಬೇಯಿಸಿದ ಮಾಂಸ, ಬೆಕ್ಕುನಾಯಿಗಳ ಆಹಾರ ಯಾವುದೂ ಬೇಡ. ಇವು ಹೊಟ್ಟೆ ತುಂಬಿಸಿದಂತೆ ಕಂಡರೂ ಗರಿಗಳು ಬಲವಿಲ್ಲದೆ ಬೆಳೆದು, ಹಾರಾಟಕ್ಕೆ ಬಾರದ ಹಕ್ಕಿಯಾಗುತ್ತದೆ. ಆರೈಕೆ ಬಲ್ಲವರು ಕೊಡುವುದು ಸಾಕಿದ ಮಿಡತೆ ಜಾತಿಯ ಕ್ರಿಕೆಟ್ ಹುಳ, ಮೇಣದ ಪತಂಗದ ಮರಿಹುಳು. ಸ್ವಿಫ್ಟ್ ಮರಿ ಮನುಷ್ಯರ ಕೈಗೆ ಸಾಮಾನ್ಯವಾಗಿ ತಾನಾಗಿ ಬಾಯಿ ತೆರೆಯುವುದಿಲ್ಲ, ಕೊಕ್ಕು ಬಲು ಮೆದು. ಅಭ್ಯಾಸವಿಲ್ಲದವರು ಬಲವಂತವಾಗಿ ಬಾಯಿ ಬಿಡಿಸಿದರೆ ಕೊಕ್ಕೇ ಮುರಿಯುತ್ತದೆ.

ಬಲಿತ ಹಕ್ಕಿ, ಗಾಯವಿಲ್ಲ, ಎರಡೂ ರೆಕ್ಕೆ ಒಂದೇ ಸಮ ಇವೆ ಎನಿಸಿದರೆ ಒಂದೆರಡು ಗಂಟೆ ಪೆಟ್ಟಿಗೆಯಲ್ಲಿ ಸುಧಾರಿಸಿಕೊಳ್ಳಲಿ. ಆಮೇಲೆ ತಂತಿ, ಮರ, ರಸ್ತೆ ಇಲ್ಲದ ಹುಲ್ಲುಬಯಲಿಗೆ ಒಯ್ಯಿರಿ. ಕಟ್ಟಡದ ಮೇಲಿಂದ ಬಿಡಬೇಡಿ, ಹಾರದೆ ಬಿದ್ದರೆ ಪೆಟ್ಟಾಗುತ್ತದೆ. ಗಾಳಿಗೆ ಎದುರಾಗಿ ನಿಂತು, ತೆರೆದ ಅಂಗೈಯನ್ನು ತಲೆಗಿಂತ ಎತ್ತರ ಹಿಡಿಯಿರಿ. ಹಕ್ಕಿ ಮೈ ನಡುಗಿಸಿ ರೆಕ್ಕೆಯ ಸ್ನಾಯು ಬಿಸಿ ಮಾಡಿಕೊಳ್ಳುತ್ತದೆ, ಅದಕ್ಕೆ ಕೆಲವು ನಿಮಿಷ ಬೇಕು, ಅವಸರ ಮಾಡಬೇಡಿ. ಹತ್ತು ನಿಮಿಷವಾದರೂ ಹೊರಡದಿದ್ದರೆ ಅಥವಾ ಹುಲ್ಲಿಗೆ ಇಳಿದುಬಿಟ್ಟರೆ ಮತ್ತೆ ಪ್ರಯತ್ನಿಸದೆ ಪೆಟ್ಟಿಗೆಗೆ ಹಾಕಿ ವೈದ್ಯರಿಗೆ ತೋರಿಸಿ. ಬಿಡುವುದು ಬೆಳಗ್ಗೆಯೋ ಮಧ್ಯಾಹ್ನವೋ ಆಗಲಿ, ಸಂಜೆ ಕತ್ತಲಾಗುವಾಗಲೂ ಮಳೆಯಲ್ಲೂ ಬೇಡ. ಮೇಸ್ತ್ರಿಯ ಬಳಿ ಒಂದು ಖಾಲಿ ಪೆಟ್ಟಿಗೆ, ಒಂದು ಬಟ್ಟೆ, ಹತ್ತಿರದ ಆರೈಕೆ ಕೇಂದ್ರದ ಫೋನ್ ನಂಬರು ಕೆಲಸ ಶುರುವಾಗುವ ಮೊದಲೇ ಕೊಟ್ಟಿಡಿ.